ನಿಧಾನವಾಗಿ ಇಳಿಸಿದವಳು

ನಾನು ಒಂದು ಹರಳು. ಗಾತ್ರ ಎಳ್ಳಿನದು, ಬಣ್ಣವೂ ಕಪ್ಪೆಳ್ಳಿನದೇ. ಉಂಗುರಕ್ಕೆ ಕೂರಿಸುವ ಜಾತಿಯಲ್ಲ, ಬಿಡಿ. ವಿಶ್ವವಿದ್ಯಾಲಯದ ಒಂದು ಲ್ಯಾಬಿನ ಬೀರುವಿನಲ್ಲಿ, ಗಾಜಿನ ಪಾತ್ರೆಯ ದ್ರಾವಣದೊಳಗೆ, ತೆಳುವಾದ ತಂತಿಯೊಂದಕ್ಕೆ ಅಂಟಿಕೊಂಡು ಹುಟ್ಟಿದೆ. ಬೆಳೆಯುವಾಗ ನನ್ನನ್ನು ಯಾರೂ ಅಲುಗಾಡಿಸಬಾರದು. ಅದಕ್ಕೇ ನನ್ನನ್ನು ಬೆಳೆಸುತ್ತಿದ್ದ ತಾರಿಣಿ ‘ಬಾಗಿಲು ಬಡಿಯಬೇಡಿ’ ಎಂದು ಚೀಟಿ ಅಂಟಿಸಿದ್ದಳು. ಆಗ ಅವಳೂ ಬಸುರಿ. ಬಾಣಂತನ ಮುಗಿಸಿ ಅವಳು ಮರಳುವವರೆಗೆ ನಾನು ಪುಟ್ಟ ಡಬ್ಬಿಯಲ್ಲಿ ಮಲಗಿದ್ದೆ.

ವಿಪರೀತ ತಣಿಸಿದರೆ ಕರೆಂಟು ಯಾವ ತಡೆಯೂ ಇಲ್ಲದೆ ನನ್ನೊಳಗೆ ಹರಿಯುತ್ತದೆ. ಇಂಥವರನ್ನು ಅತಿವಾಹಕ ಎನ್ನುತ್ತಾರೆ. ಬಲವಾದ ಅಯಸ್ಕಾಂತದ ಎದುರು ಈ ಗುಣ ಸಾಮಾನ್ಯವಾಗಿ ಸತ್ತೇಹೋಗುತ್ತದೆ. ಆದರೆ ನಾನು ಸಾಯದೆ ಪಟ್ಟೆ ಪಟ್ಟೆಯಾಗಿ ಬದುಕುತ್ತೇನೆಂದು ತಾರಿಣಿ ನಂಬಿದ್ದಳು. ಒಂದು ಪಟ್ಟೆಯಲ್ಲಿ ಗುಣ ಗಟ್ಟಿ, ಪಕ್ಕದ್ದರಲ್ಲಿ ಅಯಸ್ಕಾಂತಕ್ಕೆ ಬಿಟ್ಟುಕೊಟ್ಟಿರುತ್ತೇನಂತೆ. ಆ ಪಟ್ಟೆಗಳು ನಿಜಕ್ಕೂ ನಿಲ್ಲುತ್ತವೆಯೇ? ಅವಳ ಪಿಎಚ್‌ಡಿ ಈ ಒಂದು ಪ್ರಶ್ನೆಯ ಮೇಲಿತ್ತು.

ಮೊದಲ ಸಲ ಪ್ರಯೋಗ ಕೆಟ್ಟಿತು. ತಣಿಸುವ ದ್ರವ ಹೀಲಿಯಂ ಆವಿಯಾಗುತ್ತಿತ್ತು, ಮನೆಯಲ್ಲಿ ಮಗು ಹಾಲಿಗೆ ಅಳುತ್ತಿತ್ತು. ಅವಸರದಲ್ಲಿ ನನ್ನನ್ನು ದಿಢೀರನೆ ತಣಿಸಿದಳು. ನನ್ನೊಳಗಿನ ಅಣುಗಳು ಇದ್ದಲ್ಲೇ ಅಡ್ಡಾದಿಡ್ಡಿಯಾಗಿ ಮರಗಟ್ಟಿದವು. ಆ ಗೊಂದಲದಲ್ಲಿ ಪಟ್ಟೆ ಮೂಡುವುದೆಲ್ಲಿ? ಅಳತೆ ತೋರಿಸುವ ಕಂಪ್ಯೂಟರಿನ ಗೆರೆ ಎಲ್ಲೂ ತಿರುಗದೆ ಸಪಾಟಾಗಿ ಸಾಗಿತು.

“ಇಲ್ದೇ ಇರೋದನ್ನ ಎಷ್ಟಂತ ಹುಡುಕ್ತೀಯಮ್ಮ? ಕೈಕೂಸು ಬೇರೆ. ಸುಲಭದ್ದೇನಾದ್ರೂ ತಗೊಂಡು ಮುಗಿಸ್ಕೋ,” ಎಂದರು ಅವಳ ಗೈಡ್ ಶಿವರುದ್ರಯ್ಯ. ಅಕ್ಕರೆಯಿಂದಲೇ ಅಂದರು. ನನಗೆ ಅದರಿಂದಲೇ ಹೆಚ್ಚು ನೋವಾಯಿತು.

ಮರುವಾರ ತಾರಿಣಿ ಡಬ್ಬಿ ಹಿಡಿದುಕೊಂಡೇ ಅವರ ಕೋಣೆಗೆ ಹೋದಳು.

“ಸಾರ್, ಮಗೂನ ತೊಟ್ಟಿಲಿಗೆ ಬೇಗ ಇಳಿಸಿದ್ರೆ ಬೆಚ್ಚಿ ಎದ್ದುಬಿಡ್ತಾಳೆ. ನಿಧಾನ ಇಳಿಸಿದ್ರೆ ಮಲಗ್ತಾಳೆ. ಇದನ್ನೂ ನಾನು ದೊಪ್ಪಂತ ಹಾಕಿದ್ದೀನಿ ಅನ್ಸುತ್ತೆ. ಇನ್ನೊಂದು ಸಲ ಹೀಲಿಯಂ ಕೊಡ್ಸಿ.”

ಅವರು ಹೀಲಿಯಂ ಚೀಟಿಗೆ ಸಹಿ ಹಾಕಿದರು. “ಇದೇ ಕೊನೆ. ಆಮೇಲೆ ಕೇಳ್ಬಾರದು.”

ಅದೊಂದು ಭಾನುವಾರ. ತಾರಿಣಿಯ ಅತ್ತೆ ಮಗುವನ್ನೆತ್ತಿಕೊಂಡು ಬಂದು ಲ್ಯಾಬಿನ ಹೊರಗಿನ ಬೆಂಚಿನಲ್ಲಿ ಕೂತರು. ತಾರಿಣಿ ಒಂದಿಷ್ಟು ಹೊತ್ತು ನನ್ನ ಬಳಿ, ಒಂದಿಷ್ಟು ಹೊತ್ತು ಮಗುವಿನ ಬಳಿ. ಇಲ್ಲಿ ಒಂಚೂರು ತಣಿಸುವುದು, ಅಲ್ಲಿ ಹಾಲೂಡಿಸುವುದು, ಮತ್ತೆ ಬರುವುದು. ನನ್ನ ಅಣುಗಳು ಒಂದೊಂದಾಗಿ ಹೊಂದಿಕೊಂಡು ಕೂತವು. ಮರುದಿನ ಅಯಸ್ಕಾಂತದ ಬಲ ಏರಿಸಿದಾಗ ನಾನು ಸಾಯಲಿಲ್ಲ. ಕೆಲವೆಡೆ ಬಿಟ್ಟುಕೊಟ್ಟೆ, ಕೆಲವೆಡೆ ಹಿಡಿದುಕೊಂಡೆ. ಗೆರೆಯಲ್ಲಿ ಪಟ್ಟೆಗಳ ಗುರುತಾಗಿ ಸಣ್ಣದೊಂದು ತಿರುವು ಬಂತು. ಅವಳು ಬಲ ಇಳಿಸಿ ಮತ್ತೆ ಏರಿಸಿದಳು. ತಿರುವು ಅಲ್ಲೇ ಇತ್ತು.

ಶಿವರುದ್ರಯ್ಯ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. “ಇದೆ ಕಣಮ್ಮ. ನಿಂತಿದೆ.”

ತಾರಿಣಿ ಅತ್ತಳು. ಅವಳನ್ನು ಕಂಡು ನನಗೆ ಪ್ರೀತಿ ಉಕ್ಕಿತು. ನಾನೇನೂ ಗಟ್ಟಿಯಾಗಿದ್ದು ನಿಂತವನಲ್ಲ, ಅಲ್ಲಲ್ಲಿ ಬಿಟ್ಟುಕೊಟ್ಟೇ ನಿಂತವನು. ಅವಳೂ ಹಾಗೆಯೇ ನಿಂತಿದ್ದಳು.

ಮತ್ತೆ ಬೆಚ್ಚಗಾಗುವಾಗ ನಾನು ನಡುವೆ ಬಿರುಕು ಬಿಟ್ಟೆ. ನನ್ನ ಜೊತೆ ಹುಟ್ಟಿದ ಹರಳುಗಳಲ್ಲೂ ಅದೇ ತಿರುವು ಕಂಡಿತು, ತಾರಿಣಿ ಡಾಕ್ಟರ್ ಆದಳು. ಈಗ ನಾನು ಅವಳ ಮೇಜಿನ ಡ್ರಾಯರಿನಲ್ಲಿದ್ದೇನೆ. ಮೊನ್ನೆ ಶಾಲೆ ಬಿಟ್ಟು ಬಂದ ಮಗಳು ಭೂತಗನ್ನಡಿಯಲ್ಲಿ ನನ್ನನ್ನು ನೋಡಿದಳು.

“ಪಟ್ಟೆ ಎಲ್ಲಮ್ಮ?”

“ಅದು ಹೊರಗೆ ಕಾಣಲ್ಲ ಪುಟ್ಟಿ. ಬೆಚ್ಚಗಿದ್ದಾಗ ಇರೋದೂ ಇಲ್ಲ.”

“ಮತ್ತೆ ಇತ್ತು ಅಂತ ಹೆಂಗ್ ಹೇಳ್ತೀಯ?”

“ಇದನ್ನ ತಣಿಸಿದ ದಿನ ನೀನು ಹೊರಗೆ ಬೆಂಚಿನ ಮೇಲೆ ಅಜ್ಜಿ ತೊಡೆಯಲ್ಲಿ ಮಲಗಿದ್ದೆ. ನಿಂಗೆ ನೆನಪಿದ್ಯಾ?”

“ಇಲ್ಲ.”

“ನಂಗಿದೆ.”

ಆಮೇಲೆ ತಾರಿಣಿ ಡಬ್ಬಿ ಮುಚ್ಚಿ ನನ್ನನ್ನು ಡ್ರಾಯರಿಗೆ ಇಳಿಸಿದಳು. ಇನ್ನು ಬಿರುಕು ಬಿಡಲು ನನ್ನಲ್ಲಿ ಏನೂ ಉಳಿದಿಲ್ಲ. ಆದರೂ ಇವತ್ತಿಗೂ ಅವಳು ನಿಧಾನವಾಗಿಯೇ ಇಳಿಸುತ್ತಾಳೆ.