ಮುಂದಿನ ಬೆಂಚು

ಇಂಗ್ಲಿಷ್ ವಿಷಯದಲ್ಲಿ ನನ್ನನ್ನು ಯಾರೂ ಅಲ್ಲಾಡಿಸುವಂತಿಲ್ಲ. ಹೋಟೆಲಿನಲ್ಲಿ ಲಗೇಜು ಹೊರುವವನು ನಾನು. ಭೂಮಿಯ ಮೇಲಿರುವ ಅರ್ಧ ಜನರ ಪೆಟ್ಟಿಗೆಗಳು ನನ್ನ ಹೆಗಲ ಮೇಲೆ ಹಾದುಹೋಗಿವೆ. ಅವರ ಇಂಗ್ಲಿಷೂ ಸೋರಿ ನನ್ನ ಕಿವಿ ತುಂಬಿದೆ. ಹಾಗಾಗಿ ಮ್ಯಾನೇಜರು, ರಿಸೆಪ್ಷನ್ ಕೌಂಟರಿನ ಕೆಲಸ ಬೇಕಿದ್ದರೆ ಮೊದಲು ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಹೋಗು ಎಂದಾಗ ನಗು ತಡೆಯಲಾಗಲಿಲ್ಲ.

ಸೈಕಲ್ ಅಂಗಡಿಯ ಮೇಲಿನ ಕೋಣೆ, ಮೂರು ಬೆಂಚು. ಸೇರಿಸಿಕೊಳ್ಳುವಾಗ ಅಲ್ಲಿನ ಮೇಡಂ ಯಾರನ್ನೂ ಪರೀಕ್ಷಿಸುವುದಿಲ್ಲ. ಚೆನ್ನಾಗಿ ಮಾತಾಡುತ್ತೇನೆ ಎನ್ನುವವರು ಮುಂದೆ, ತಡವರಿಸುವವರು ನಡುವೆ, ಏನೂ ಬಾರದವರು ಹಿಂದೆ. ನಿಮ್ಮ ಜಾಗ ನೀವೇ ಆರಿಸಿಕೊಳ್ಳಿ ಎಂದರು. ಅವರು ಬಾಯಿ ಮುಚ್ಚುವ ಮೊದಲೇ ನಾನು ಮುಂದೆ ಕೂತಾಗಿತ್ತು. ಅದೇ ಹೋಟೆಲಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ನಮ್ಮ ಅತ್ತಿಗೆ ನೆಟ್ಟಗೆ ಹಿಂದಕ್ಕೆ ನಡೆದರು.

ಮುಂದಿನ ಬೆಂಚಿನವರಿಗೆ ಮೇಡಂ ಬಿರುಗಾಳಿಯಂತೆ ಮಾತಾಡುತ್ತಿದ್ದರು. ನಾನು ಎಲ್ಲದಕ್ಕೂ ತಲೆಯಾಡಿಸಿ ಆಡಿಸಿ ಕತ್ತಿನ ಮೂಳೆ ಅರ್ಧ ಸವೆಯಿತು. ಅತ್ತಿಗೆಯೋ, ಒಂದು ವಾಕ್ಯ ಕಲಿತರೆ ಸಾಕು, ರಾಜ್ಯ ಗೆದ್ದವರಂತೆ ಮೆಟ್ಟಿಲಿಳಿಯುತ್ತಿದ್ದರು.

"ಹಿಂದೆ ಬಂದು ಕೂತ್ಕೊಳೋ, ಜಾಗ ಇದೆ," ಎಂದರು ಒಮ್ಮೆ ದಾರಿಯಲ್ಲಿ.

"ನಾನಾ? ಹಿಂದಿನ ಬೆಂಚಲ್ಲಾ? ಆ ಮೇಡಂಗೇ ನಾನು ಪಾಠ ಹೇಳ್ಬೇಕು, ಅತ್ತಿಗೆ."

"ಹಂಗಾದ್ರೆ ದಿನಾ ಮುಖ ಯಾಕೆ ಹರಳೆಣ್ಣೆ ಕುಡಿದಂಗಿರುತ್ತೆ?"

ಕ್ಲಾಸಿನ ಕೊನೆಯ ದಿನ ಕೌಂಟರಿಗೆ ಆಳು ಆರಿಸಲು ಮ್ಯಾನೇಜರೇ ಬಂದು ಮೂಲೆಯಲ್ಲಿ ಕೂತರು. ಮೇಡಂ ಸಿಟ್ಟಾದ ಅತಿಥಿಯಾಗಿ ನನ್ನೆದುರು ನಿಂತರು: ಬಚ್ಚಲಲ್ಲಿ ಬಿಸಿನೀರು ಬರುತ್ತಿಲ್ಲವಂತೆ. ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಂದೇ ಉಸಿರಿಗೆ ಸುರಿದೆ. ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ ಎಂದರು. ಮತ್ತೊಮ್ಮೆ ಹೇಳಲು ಏನೂ ಉಳಿದಿರಲಿಲ್ಲ.

"ಮುಂದಿನ ಸಲ ನೋಡೋಣ ಬಿಡಯ್ಯಾ," ಎಂದು ಮ್ಯಾನೇಜರು ಎದ್ದರು. ಮರುದಿನ ನನ್ನ ಹೆಗಲಿಗೆ ಬಂದ ಪೆಟ್ಟಿಗೆಗಳಲ್ಲಿ ಬೆಟ್ಟವನ್ನೇ ತುಂಬಿದ್ದರು.

ಹೊಸ ಕ್ಲಾಸು ಶುರುವಾಯಿತು. ನನ್ನ ಕಾಲುಗಳು ತಾವಾಗಿಯೇ ಮುಂದಿನ ಬೆಂಚಿನತ್ತ ಹೊರಟವು. ಯಾರೋ ಚೀಲ ಹಿಡಿದೆಳೆದರು. ನೋಡಿದರೆ ಅತ್ತಿಗೆ, ಈಗ ನಡುವಿನ ಬೆಂಚಿನಲ್ಲಿ.

"ಎಲ್ಲಿಗೆ ಸವಾರಿ?"

ತಿರುಗಿ ಹಿಂದೆ ಹೋಗಿ ಕೂತೆ. ಆ ಬೆಂಚು ಎಷ್ಟು ಗಿಡ್ಡವೆಂದರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಬಿಸಿನೀರು ಬಾರದ ಅತಿಥಿಗೆ ಹೇಳಬೇಕಾದ ಮಾತನ್ನು ಮೇಡಂ ಹಲಗೆಯ ಮೇಲೆ ಬರೆದರು. ಕ್ಷಮಿಸಿ, ಈಗಲೇ ಒಬ್ಬರನ್ನು ಕಳಿಸುತ್ತೇನೆ. ಒಂದೊಂದು ಪದವೂ ಅರ್ಥವಾಯಿತು.

ಅದಕ್ಕೇ ಮೈಯೆಲ್ಲ ಉರಿದುಹೋಯಿತು. ಅವತ್ತು ನಾನು ಹೇಳಬೇಕಿದ್ದದ್ದು ಇಷ್ಟೇನಾ?