ವಾಜಿದಾಳ ಹೆಸರಿನ ಮಣ್ಣು

ಚಟ್ಟದ ಬಿದಿರಿಗೆ ಕೊನೆಯ ಗಂಟು ಬಿಗಿಯುತ್ತಿದ್ದ ಕೆಂಪರಾಜ, ಗೇಟಿನ ಮುಂದೆ ನಿಂತ ಆಟೋದಿಂದ ಬುರ್ಖಾದ ಹೆಂಗಸೊಬ್ಬಳು ಇಳಿದದ್ದನ್ನು ಕಂಡು ಹಗ್ಗವನ್ನು ಅಲ್ಲೇ ಬಿಟ್ಟ. ಅವಳು ಮುಖದ ಪರದೆ ಎತ್ತಿ ಮನೆಯ ನಂಬರು ನೋಡಿದಳು. ವಾಜಿದಾ. ಇವಳ ಕಣ್ಣಿಗೆ ಬೀಳಬಾರದೆಂದೇ ಅವನು ಹದಿನೈದು ವರ್ಷ ಇವಳ ಮನೆಯಿದ್ದ ಶಿವಾಜಿನಗರದ ದಾರಿ ತುಳಿದಿರಲಿಲ್ಲ. ಹೆಂಡತಿ ಅಲ್ಲಿನ ರಸೆಲ್ ಮಾರ್ಕೆಟ್ಟಿಗೆ ಕರೆದರೆ ಹೊಟ್ಟೆನೋವಿನ ನೆಪ ಹೇಳಿ ಮರ್ಫಿ ಟೌನಿನ ಮನೆಯಲ್ಲೇ ಮುದುರಿ ಮಲಗುತ್ತಿದ್ದ.

"ಅಂಕಲ್, ಹಗ್ಗ ಸಡಿಲ ಆಗ್ತಿದೆ" ಎಂದ ಪ್ರೇಮ್‌ಕುಮಾರ್. ಸತ್ತವರ ಒಬ್ಬನೇ ಮಗ. "ಆಯಮ್ಮ ಯಾರು?"

"ಗೊತ್ತಿಲ್ಲಪ್ಪ" ಎಂದುಬಿಟ್ಟ ಕೆಂಪರಾಜ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ದಿಗಿಲಾಯಿತು.

ಇಂದಿರಾನಗರದ ಆ ಮನೆಯ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದವರು ಮುನಿಆಂಜನಪ್ಪ, ಪೆಟ್ರೋಲು ಡೀಸೆಲ್ಲಿನ ಎಣ್ಣೆ ಕಂಪನಿಯ ಎಂ.ಡಿ. ಗರುಡಾಚಾರ್‌ಪಾಳ್ಯದ ರಾಗಿ ಹೊಲದಲ್ಲಿ ಬೆಳೆದು, ಊರ ಪಕ್ಕದ ಡಿಪೋಗೇ ಶಿಫ್ಟ್ ಆಫೀಸರಾಗಿ ಸೇರಿ, ಮ್ಯಾನೇಜರಾಗಿ, ಜನರಲ್ ಮ್ಯಾನೇಜರಾಗಿ, ಕಡೆಗೆ ಕಂಪನಿಯ ತುದಿಯ ಕುರ್ಚಿಯಲ್ಲಿ ಎರಡೇ ಎರಡು ವರ್ಷ ಕೂತವರು. ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದಿದ್ದರು. ಅದಕ್ಕೆ ನಾಲ್ಕು ದಿನ ಮುಂಚೆ ಕೆಂಪರಾಜನಿಗೆ ಫೋನ್ ಮಾಡಿ, "ಒಂದ್ಸಲ ಮನೆಗೆ ಬಾ, ಮಾತಾಡ್ಬೇಕು" ಎಂದಿದ್ದರು. ಡಿಪೋದಲ್ಲಿ ಆಡಿಟ್ ಇದೆ ಸಾರ್ ಎಂದು ಇವನು ಜಾರಿಕೊಂಡಿದ್ದ. ಯಾವ ಆಡಿಟ್ಟೂ ಇರಲಿಲ್ಲ.

ವರಾಂಡದಲ್ಲಿ ಕಂಪನಿಯ ಡೈರೆಕ್ಟರೊಬ್ಬರು ಪತ್ರಿಕೆಯವರಿಗೆ ಹೇಳುತ್ತಿದ್ದರು: "ಹದಿನೈದು ವರ್ಷ ನಮ್ಮ ಒಂದು ಡಿಪೋದಲ್ಲೂ ಒಂದು ಸಾವಿಲ್ಲ. ಎಲ್ಲ ಅವರ ಶಿಸ್ತು. ಎಂ.ಡಿ. ಆದ್ಮೇಲೂ ಟ್ಯಾಂಕ್ ಹತ್ರ ನಿಂತು ತಾವೇ ಬಿಲ್ಲೆ ಎಣಿಸೋರು."

ಬದುಕಿದ್ದಾಗ ಅವರ ಬೆನ್ನ ಹಿಂದೆ 'ಬಿಲ್ಲೆ ಎಂ.ಡಿ.' ಎಂದು ಕಿಸಿಕಿಸಿ ನಗುತ್ತಿದ್ದ ಮಹಾಶಯರೂ ಇವರೇ. ಬಿಲ್ಲೆಯ ಸಂಗತಿ ಇಷ್ಟೇ: ಖಾಲಿ ಟ್ಯಾಂಕನ್ನು ತೊಳೆಯಲು ಒಳಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಟ್ಯಾಂಕಿನ ಬಾಯಿ ಪಕ್ಕದ ಮೊಳೆಗೆ ನೇತುಹಾಕಬೇಕು. ಹೊರಗೆ ಬಂದ ಮೇಲೆ ತಾನೇ ತೆಗೆದುಕೊಳ್ಳಬೇಕು, ಬೇರೆಯವರು ಮುಟ್ಟುವಂತಿಲ್ಲ. ಮೊಳೆಗಳೆಲ್ಲ ಖಾಲಿಯಾದ ಮೇಲೆಯೇ ಮುಚ್ಚಳ.

ವಾಜಿದಾ ಚಪ್ಪಲಿ ಬಿಟ್ಟು ಹಜಾರದೊಳಗೆ ಹೋದಳು. ಕೆಂಪರಾಜ ಕಂಬದ ಮರೆಗೆ ಸರಿದ. ಸಾಯುವ ಮುಂಚೆ ಸಾಹೇಬರು ಇವಳಿಗೆ ಹೇಳಿಬಿಟ್ಟರೇ? ಇಷ್ಟು ಜನರ ಎದುರಿಗೆ ಕೊರಳಪಟ್ಟಿ ಹಿಡಿದು ಕೇಳಲೆಂದೇ ಬಂದಳೇ?

*

೧೯೯೩ರ ರಂಜಾನ್ ತಿಂಗಳು. ಡಿಪೋದ ಮೂರನೇ ಟ್ಯಾಂಕಿನ ತಳದ ಕೆಸರು ಕೆರೆಯಲು ಐದು ಜನ ಕಾಂಟ್ರ್ಯಾಕ್ಟ್ ಆಳುಗಳು ಇಳಿದಿದ್ದರು. ಅವರಲ್ಲೊಬ್ಬ ವಾಜಿದಾಳ ಗಂಡ ಖಾದರ್. ಟ್ಯಾಂಕಿನ ಬಾಯಿ ಕಾಯುವ ಕೆಲಸ ಕೆಂಪರಾಜನದು. ಮೂರೂವರೆಗೆ ಕೆಲಸ ಮುಗಿಯಿತು. ಐವರೂ ಹೊರಬಂದು, ಕೈ ಒರೆಸಿಕೊಳ್ಳುತ್ತ ನೆರಳಿಗೆ ನಡೆದರು. ಬಿಲ್ಲೆ ತೆಗೆದುಕೊಳ್ಳುವುದನ್ನು ಎಂದಿನಂತೆ ಮರೆತರು. ಮರೆತವರಿಗೆ ಮೇಸ್ತ್ರಿಯಿಂದ ಬೈಗುಳ ಖಂಡಿತ. ಆದ್ದರಿಂದ ಐದೂ ಬಿಲ್ಲೆಗಳನ್ನು ಬಾಚಿ ಜೇಬಿಗೆ ಹಾಕಿಕೊಂಡು, ಆಮೇಲೆ ಕ್ಯಾಂಟೀನಿನಲ್ಲಿ ಹಂಚುವುದು ಕೆಂಪರಾಜನ ರೂಢಿ. ಪಾಪ ಬಡವರು ಎಂಬ ಕನಿಕರದಿಂದ ಶುರುವಾದ ರೂಢಿ. ಆವತ್ತೂ ಬಾಚಿದ. ಬಾಚಿ, ಮುಚ್ಚಳಕ್ಕೆ ಹೊಸ ಬೋಲ್ಟು ತರಲು ಸ್ಟೋರಿಗೆ ಹೋದ. ಅಷ್ಟರಲ್ಲಿ ಖಾದರ್ ಬಿಟ್ಟುಬಂದ ಬಕೆಟ್ಟಿಗಾಗಿ ವಾಪಸ್ ಇಳಿದಿದ್ದ, ಮೊಳೆಯ ಕಡೆ ನೋಡದೆ, ತನ್ನ ಬಿಲ್ಲೆ ಇನ್ನೂ ಅಲ್ಲೇ ಇದೆ ಎಂಬ ಧೈರ್ಯದ ಮೇಲೆ.

ಮುನಿಆಂಜನಪ್ಪ ಬಂದರು, ಮೊಳೆಗಳು ಖಾಲಿ ಇದ್ದದ್ದು ನೋಡಿ ಸಹಿ ಹಾಕಿದರು. ಮುಚ್ಚಳ ಬಿತ್ತು.

ಕ್ಯಾಂಟೀನಿನಲ್ಲಿ ನಾಲ್ಕು ಬಿಲ್ಲೆ ಹಂಚಿದ ಮೇಲೆ ಒಂದು ಕೈಯಲ್ಲೇ ಉಳಿಯಿತು. ಖಾದರ್ ಟೀಗೆ ಬಂದಿಲ್ಲ, ಉಪವಾಸ, ನಮಾಜಿಗೆ ಹೋಗಿರಬೇಕು ಎಂದುಕೊಂಡ ಕೆಂಪರಾಜ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಒಬ್ಬ ಖರ್ಜೂರದ ಪೊಟ್ಟಣ ಹಿಡಿದು, "ಖಾದರ್ ಭಾಯ್ ಎಲ್ಲಿ?" ಎಂದು ಕೇಳಿದಾಗ ಅವನಿಗೆ ಉಳಿದ ಆ ಬಿಲ್ಲೆ ನೆನಪಾಯಿತು. ಓಡಿಹೋಗಿ ಬೋಲ್ಟು ಬಿಚ್ಚಿ, ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಇಳಿದು, ಎಣ್ಣೆಯ ಆವಿಗೆ ಉಸಿರುಗಟ್ಟಿದ್ದವನ ಹೆಣವನ್ನು ಹೆಗಲ ಮೇಲೆ ಹೊತ್ತು ತಂದವನೂ ಅವನೇ.

ಪಂಪ್‌ಹೌಸಿನ ಹಿಂದೆ ಮುನಿಆಂಜನಪ್ಪನವರ ಕಾಲು ಹಿಡಿದು ಎಲ್ಲವನ್ನೂ ಹೇಳಿದ.

"ಏಳು ಮೇಲೆ" ಎಂದಿದ್ದರು ಅವರು. "ಮೊಳೆ ಖಾಲಿ ಇದ್ರೂ ಒಳಗೆ ಟಾರ್ಚ್ ಬಿಟ್ಟು ನೋಡ್ಬೇಕಿತ್ತು ನಾನು. ನೋಡ್ಲಿಲ್ಲ. ನಿನ್ ಹೆಂಡ್ತಿಗೆ ಇವತ್ತೋ ನಾಳೆನೋ ಹೆರಿಗೆ. ನಂಗೆ ಹೇಳಿದ್ದೀಯಲ್ಲ, ಇನ್ಯಾರಿಗೂ ಹೇಳ್ಬೇಡ."

ಖಾದರ್ ಬಿಲ್ಲೆ ಹಾಕದೆ ಇಳಿದಿದ್ದ ಎಂದು ವರದಿಯಾಯಿತು. ಕೆಳಗೆ ಇಬ್ಬರ ಸಹಿ. ಆಮೇಲೆ ಅವರು ಏರುತ್ತಲೇ ಹೋದರು, ಇವನು ಭಯಪಡುತ್ತಲೇ ಉಳಿದ. ಡಿಪೋಗೆ ಅವರ ಕಾರು ಬಂದಾಗಲೆಲ್ಲ, ಇವತ್ತು ಬಾಯಿ ಬಿಡುತ್ತಾರೆ ಎಂದು ಇವನ ಜೀವ ಬಾಯಿಗೆ ಬರುತ್ತಿತ್ತು. ಅವರು ಮಾತ್ರ ಬಿಲ್ಲೆಗಳನ್ನು ಎಣಿಸಿ, ಆಗ ಹುಟ್ಟಿದ ಮಗಳು ಈಗ ಎಷ್ಟನೇ ಕ್ಲಾಸು ಎಂದು ಕೇಳಿ ಹೊರಟುಹೋಗುತ್ತಿದ್ದರು. ನಿನ್ನೆ ಸಾವಿನ ಸುದ್ದಿ ಕೇಳಿದ ಕೂಡಲೇ ಅವನಿಗೆ ಮೊದಲು ಬಂದದ್ದು ಅಳುವಲ್ಲ, ನಿಟ್ಟುಸಿರು. ಅದಕ್ಕಾಗಿ ಅವನು ರಾತ್ರಿಯೆಲ್ಲ ತನ್ನನ್ನೇ ಶಪಿಸಿಕೊಂಡಿದ್ದ.

*

"ಕೆಂಪರಾಜ್, ಒಳಗೆ ಬಾಪ್ಪ" ಎಂದು ಕರೆದರು ಧನಲಕ್ಷ್ಮಿ, ಮುನಿಆಂಜನಪ್ಪನವರ ಹೆಂಡತಿ.

ಹೋಗದೆ ವಿಧಿಯಿರಲಿಲ್ಲ. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ವಾಜಿದಾ ನಿಂತಿದ್ದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಮ್ಮ ಯಜಮಾನ್ರನ್ನ ಹೊರಗೆ ಹೊತ್ಕೊಂಡು ಬಂದಿದ್ದು ನೀವೇ ಅಲ್ವಾ ಭಾಯ್?" ಎಂದಳು ಅವಳು. "ನಿಮ್ಗೊಂದು ಥ್ಯಾಂಕ್ಸ್ ಹೇಳೋದು ಹಾಗೇ ಉಳಿದಿತ್ತು."

ಅವನು ಗಾಜಿನ ಪೆಟ್ಟಿಗೆಯ ಕಡೆ ಕಣ್ಣು ತಿರುಗಿಸಿದ.

"ನಿಮ್ಗೂ ಗೊತ್ತಿರ್ಲಿ" ಎಂದು ಅವಳು ದನಿ ತಗ್ಗಿಸಿದಳು. "ನಮ್ಮೋರು ತೀರ್ಕೊಂಡ ಎಂಟನೇ ದಿನ ಸಾಹೇಬ್ರು ಮನೆಗೆ ಬಂದ್ರು. ಕಾಗದದಲ್ಲಿರೋದು ಸುಳ್ಳಮ್ಮ, ನಿಮ್ಮೋರು ಬಿಲ್ಲೆ ಹಾಕೇ ಇಳಿದಿದ್ರು, ಅದನ್ನ ತೆಗೆದಿದ್ದು ನಾನು, ಮಾಫ್ ಮಾಡಿ ಅಂದ್ರು. ಬಾಗ್ಲು ಹಾಕ್ಕೊಂಡೆ. ವರ್ಷವರ್ಷ ರಂಜಾನ್‌ನಲ್ಲಿ ಬರೋರು. ಬಾಗ್ಲಾಚೆ ಅರ್ಧ ಗಂಟೆ ನಿಂತಿದ್ದು ಹೋಗೋರು. ಎಂ.ಡಿ. ಆದ್ಮೇಲೂ ಬಂದ್ರು. ಒಂದಿನಾನೂ ನಾನು ತೆಗೀಲಿಲ್ಲ."

ಧನಲಕ್ಷ್ಮಿ ಸೆರಗಿನಿಂದ ಮೂಗು ಒರೆಸಿಕೊಂಡರು. "ನನ್ ಹತ್ರಾನೂ ಅದನ್ನೇ ಹೇಳ್ತಿದ್ರು. ನನ್ ಕೈಯಿಂದ ಒಂದು ಜೀವ ಹೋಯ್ತು ಕಣೇ ಅಂತ. ಎಷ್ಟೋ ದಿನ ಊಟದ ತಟ್ಟೆ ಮುಂದೆ ಸುಮ್ನೆ ಕೂತ್ಬಿಡೋರು."

"ಮಣ್ಣಿಗೆ ಹೋಗೋ ಮನುಷ್ಯನ ಮೇಲೆ ಎಷ್ಟು ದಿನ ಸಿಟ್ಟು ಇಟ್ಕೊಳ್ಲಿ" ಎಂದಳು ವಾಜಿದಾ. "ಮಾಫ್ ಮಾಡಿದ್ದೀನಿ. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗಲ್ಲ. ನಾನು ಸಮಾಧಿ ಜಾಗದ ಬೇಲಿ ಹತ್ರ ನಿಂತಿರ್ತೀನಿ. ನನ್ನ ಹೆಸರಲ್ಲಿ ಒಂದು ಹಿಡಿ ಮಣ್ಣು ನೀವೇ ಹಾಕ್ಬಿಡಿ ಭಾಯ್. ವಾಜಿದಾ ಮಾಫ್ ಮಾಡಿದ್ಲು ಅಂತ ಹೇಳಿ ಹಾಕಿ."

ಕೆಂಪರಾಜ ತಲೆಯಾಡಿಸಿದ. ಹಿತ್ತಲಿಗೆ ಹೋಗಿ ನಲ್ಲಿಯ ಕೆಳಗೆ ತಲೆ ಒಡ್ಡಿದ. ಬದುಕಿದೆ ಎಂದುಕೊಂಡ. ಗೊತ್ತಿದ್ದವರು ಒಬ್ಬರೇ, ಅವರೂ ಹೋದರು. ಇನ್ನು ಸುಮ್ಮನಿದ್ದರೆ ಸಾಕು, ಸಾಯುವತನಕ ಯಾರೂ ಕೇಳುವುದಿಲ್ಲ. ಹೀಗೆ ಅಂದುಕೊಳ್ಳುತ್ತಿದ್ದಂತೆಯೇ ಹಿಂದೆಂದೂ ಇಲ್ಲದ ಭಯ ಅವನನ್ನು ಹಿಡಿಯಿತು. ಇಷ್ಟು ವರ್ಷ ಯಾರೋ ಬಂದು ಹೇಳಿಬಿಡುತ್ತಾರೆ ಎಂದು ಹೆದರಿದ್ದ. ಈಗ ಹೇಳುವವರು ಯಾರೂ ಇಲ್ಲ, ತನ್ನನ್ನು ಬಿಟ್ಟು.

*

ಗರುಡಾಚಾರ್‌ಪಾಳ್ಯದಲ್ಲಿ ಮನೆತನದವರ ಸಮಾಧಿಗಳಿದ್ದ ಜಾಗ ಒಂದು ಕಡೆಯ ಫ್ಯಾಕ್ಟರಿ ಶೆಡ್ಡು, ಇನ್ನೊಂದು ಕಡೆಯ ಗಾಜಿನ ಆಫೀಸಿನ ನಡುವೆ ತಂತಿಬೇಲಿ ಹಾಕಿಸಿಕೊಂಡು ಉಳಿದಿತ್ತು. ಅಪ್ಪನ ಪಕ್ಕದಲ್ಲೇ ಮುನಿಆಂಜನಪ್ಪನವರಿಗೆ ಗುಂಡಿ ತೋಡಿದ್ದರು. ಉಪ್ಪು ಸುರಿದು, ವಿಭೂತಿ ಇಟ್ಟು, ಪ್ರೇಮ್‌ಕುಮಾರ್ ಮೊದಲ ಮಣ್ಣು ಹಾಕಿದ. ನೆಂಟರು ಹಾಕಿದರು. ಡೈರೆಕ್ಟರು ಎರಡು ಬೆರಳಲ್ಲಿ ಚೂರು ಮಣ್ಣು ಉದುರಿಸಿ ಕರವಸ್ತ್ರಕ್ಕೆ ಕೈ ಒರೆಸಿಕೊಂಡರು.

ಕೆಂಪರಾಜ ತನ್ನ ಪಾಲಿನ ಮೂರು ಹಿಡಿ ಹಾಕಿದ. ಬಗ್ಗಿ ನಾಲ್ಕನೆಯದನ್ನು ತೆಗೆದುಕೊಂಡ. ಕೆಳಗೆ ಬಿಳಿ ಬಟ್ಟೆ ಸುತ್ತಿದ್ದ ದೇಹದಲ್ಲಿ ಆ ಮುಖ ಮಾತ್ರ ಇನ್ನೂ ಮಣ್ಣಲ್ಲಿ ಮುಚ್ಚಿರಲಿಲ್ಲ. ಮಾಡದ ತಪ್ಪಿನ ಕ್ಷಮೆಯನ್ನು ಆ ಮುಖದ ಮೇಲೆ ಸುರಿದರೆ, ಆ ತಪ್ಪು ಎಂದೆಂದಿಗೂ ಅವರದ್ದೇ ಆಗಿಬಿಡುತ್ತದೆ. ಮುಷ್ಟಿ ಬಿಚ್ಚಲಿಲ್ಲ.

"ಹಾಕಿ ಸಾರ್, ಬಿಸಿಲು ಏರ್ತಾ ಇದೆ" ಎಂದ ಗುದ್ದಲಿ ಹಿಡಿದವನು.

"ಅಂಕಲ್?" ಎಂದ ಪ್ರೇಮ್‌ಕುಮಾರ್.

ಕೆಂಪರಾಜ ತಿರುಗಿ ನಡೆದ. ಮಗಳ ಮುಖ ಕಣ್ಣ ಮುಂದೆ ಬಂತು, ಕೆಲಸ ಬಂತು, ಪೊಲೀಸರು ಬಂದರು. ಓಡಿಹೋಗಬೇಕೆನಿಸಿತು. ಆದರೂ ಬೇಲಿಯತನಕ ನಡೆದೇ ಹೋದ.

"ಹಾಕಿದ್ರಾ ಭಾಯ್?" ಎಂದಳು ಬೇಲಿಯ ಹೊರಗೆ ನಿಂತಿದ್ದ ವಾಜಿದಾ.

"ಇಲ್ಲ ಅಕ್ಕ." ಮುಷ್ಟಿಯನ್ನು ತಂತಿಯ ಮೇಲಿಂದ ಅವಳ ಮುಂದೆ ಹಿಡಿದ. "ಇದು ಅವರಿಗೆ ಸೇರೋದಲ್ಲ. ಆವತ್ತು ಬಿಲ್ಲೆ ತೆಗೆದಿದ್ದು ಅವರಲ್ಲ. ನಾನು."

ಅವಳು ಅವನ ಮುಖವನ್ನೇ ನೋಡಿದಳು. ಬೈಯಲಿಲ್ಲ, ಅಳಲಿಲ್ಲ.

"ಹದಿನೈದು ವರ್ಷ" ಎಂದಳು ಕೊನೆಗೆ, ತನಗೆ ತಾನೇ ಎಂಬಂತೆ. "ಹದಿನೈದು ವರ್ಷ ಆ ಮನುಷ್ಯನ್ನ ಬಾಗ್ಲಾಚೆ ನಿಲ್ಲಿಸಿದ್ನಲ್ಲ."

ಕೆಂಪರಾಜನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಣ್ಣನ್ನು ಒಂದು ಚೂರೂ ಬಿಡದೆ ತನ್ನ ಅಂಗೈಗೆ ಕೆಡವಿಕೊಂಡಳು. ಚಪ್ಪಲಿ ಬಿಟ್ಟಳು. ಬೇಲಿಯ ಸಂದಿನಿಂದ ಒಳಗೆ ಬಂದು, ದಾರಿ ಬಿಟ್ಟ ಗಂಡಸರ ನಡುವೆ ನೆಟ್ಟಗೆ ನಡೆದುಹೋಗಿ ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು. ಇತ್ತ ಕೆಂಪರಾಜ ಖಾಲಿ ಕೈಯನ್ನು ತಂತಿಯಾಚೆಗೆ ಚಾಚಿಕೊಂಡೇ ನಿಂತಿದ್ದ.