ಬಿಸಿಲಿಗೆ ಮುಂಚೆ ಕೊಯ್ದದ್ದು

ಅವಳು ಹೆಬ್ಬೆರಳನ್ನು ಬ್ರೊಕೋಲಿಯ ಮೊಗ್ಗುಗಳ ನಡುವೆ ತೂರಿಸಿ ದಂಟಿನವರೆಗೆ ಇಳಿಸಿದಳು. ಮೇಲೆಲ್ಲ ನೀರಿನ ಹನಿ, ತಣ್ಣಗೆ. ಒಳಗೆ ಬೆಚ್ಚಗಿತ್ತು.

"ಯಾವಾಗ ಕೊಯ್ದೆ ಅಪ್ಪ?"

"ಇನ್ಯಾವಾಗ? ಬೆಳಕು ಹರಿಯೋ ಮುಂಚೆ," ಎಂದ ಅಪ್ಪ, ಚಪ್ಪಲಿ ಬಿಡುತ್ತ. "ನೋಡು, ಇಬ್ಬನಿ ಇನ್ನೂ ಆರಿಲ್ಲ."

ಶೀತಲ ಗೋದಾಮಿನಲ್ಲಿ ತರಕಾರಿ ಇಳಿಸಿಕೊಳ್ಳುವುದು ಅವಳ ಕೆಲಸ. ಲಾರಿಯವರೆಲ್ಲ ಮುಂಜಾನೆಯ ಮಾಲು ಎಂದೇ ಆಣೆಯಿಡುತ್ತಾರೆ. ಅವಳು ಬೆರಳು ಹಾಕಿ ನೋಡುತ್ತಾಳೆ. ಬ್ರೊಕೋಲಿಯನ್ನು ಕೊಯ್ಯಬೇಕಾದದ್ದು ರಾತ್ರಿಯ ತಂಪು ಅದರೊಳಗೆ ಇನ್ನೂ ಉಳಿದಿರುವಾಗ, ಮೊಗ್ಗು ಬಿಗಿಯಾಗಿರುವಾಗ. ಬಿಸಿಲೇರಿದ ಮೇಲೆ ಕೊಯ್ದರೆ ಕಾವು ದಂಟಿನ ಬಳಿ ಅಡಗಿ ಕೂತಿರುತ್ತದೆ; ಬೇಗ ಬಾಡಿ ಹಳದಿಗೆ ತಿರುಗುತ್ತದೆ. ನೀರು ಚಿಮುಕಿಸಿದರೆ ತಣ್ಣಗಾಗುವುದು ಮೇಲ್ಮೈ ಮಾತ್ರ.

ಅಪ್ಪನ ಹೃದಯದ ಆಪರೇಷನ್ ಆದಮೇಲೆ ಊರಂಚಿನಲ್ಲಿ ಒಂದು ತುಂಡು ತೋಟವನ್ನು ಗುತ್ತಿಗೆಗೆ ಹಿಡಿದುಕೊಟ್ಟವಳು ಅವಳೇ. ಅಪ್ಪ ಅಲ್ಲಿಯವರೆಗೆ ದುಡಿಯುತ್ತಿದ್ದ ಬೇಕರಿಯ ಭಟ್ಟಿಯ ಮುಂದೆ ಇನ್ನು ನಿಂತರೆ ಜೀವಕ್ಕೆ ತಾವು ಜವಾಬ್ದಾರರಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಬ್ರೊಕೋಲಿ ಬೆಳೆಯುತ್ತೇನೆ, ಆದರೆ ಕತ್ತಲಲ್ಲೇ ಮನೆ ಬಿಡಬೇಕಾಗುತ್ತದೆ ಎಂದು ಅಪ್ಪ ಒಪ್ಪಿದ್ದ. ಎಷ್ಟು ಬೇಗ ಒಪ್ಪಿದ್ದ! ಇವತ್ತಿನದೇ ಮೊದಲ ಕೊಯ್ಲು.

ಅಡುಗೆಮನೆಯಲ್ಲಿ ಗಂಡ ಚಹಾ ಸೋಸುತ್ತಿದ್ದ.

"ಇದು ಬಿಸಿಲಲ್ಲಿ ಕೊಯ್ದಿದ್ದು," ಎಂದು ಪಿಸುಗುಟ್ಟಿದಳು.

"ಮಾವ ಮರದಡಿ ಒಂದು ನಿದ್ದೆ ತೆಗೆದಿರ್ತಾರೆ. ನೀನು ತನಿಖೆ ಶುರು ಮಾಡ್ಬೇಡ ತಾಯಿ."

"ನಿದ್ದೆ ಮಾಡಿದವ್ರ ಕಣ್ಣು ಅಷ್ಟು ಕೆಂಪಗಿರುತ್ತಾ?"

"ಬದನೆಕಾಯಿ ಹಾಕ್ಸಿದ್ರೆ ಯಾವಾಗ ಕೊಯ್ದ್ರೂ ನಡೀತಿತ್ತು, ಈ ರಗಳೆ ಇರ್ತಿರ್ಲಿಲ್ಲ."

ಅವಳು ಹೊರಗೆ ಬಂದಳು. ಅಪ್ಪ ಕುರ್ಚಿಗೆ ಒರಗಿ, ಅಂಗಿಯ ತೋಳು ಮಡಚಿ, ಗಾಳಿ ಹಾಕಿಕೊಳ್ಳುತ್ತಿದ್ದ. ಎಡಗೈ ಎಂದಿನಂತೆಯೇ ಇತ್ತು. ಬಲ ಮುಂಗೈಯ ರೋಮ ಸೀದು ಸುರುಟಿಕೊಂಡಿತ್ತು. ಅವಳು ಆ ಕೈಯನ್ನು ಹಿಡಿದುಕೊಂಡಳು.

"ಬ್ರೊಕೋಲಿ ಗಿಡದಲ್ಲಿ ಬೆಂಕಿ ಇತ್ತಾ ಅಪ್ಪ?"

ಅಪ್ಪ ಕೈ ಬಿಡಿಸಿಕೊಳ್ಳಲು ನೋಡಿದ. ಆಗಲಿಲ್ಲ.

"ಹೊಸ ಭಟ್ಟಿಯವನು ಬ್ರೆಡ್ಡೆಲ್ಲ ತಳ ಹಿಡಿಸ್ತಿದ್ದ. ವಾಸನೆ ಬೀದಿಗೇ ಬರ್ತಿತ್ತು. ತೋಟಕ್ಕೆ ಅದೇ ದಾರಿ. ಭಟ್ಟಿಯಿಂದ ಎಲ್ಲ ನಾನೇ ಇಳಿಸಿಕೊಟ್ಟು ಅತ್ತ ಹೋಗೋ ಹೊತ್ತಿಗೆ ಬಿಸಿಲು ಬಂದುಬಿಡುತ್ತೆ."

"ಯಾವತ್ತಿಂದ?"

"ತೋಟಕ್ಕೆ ಹೊರಟ ಮೊದಲ್ನೇ ದಿನದಿಂದ."

ಬೈಗುಳ ಬಾಯಿಗೆ ಬಂತು, ನುಂಗಿಕೊಂಡಳು. ಕೆಲಸದಲ್ಲಿ ಫೋನ್ ಬಂದಾಗಲೆಲ್ಲ ಅಪ್ಪ ಎಲ್ಲೋ ಬಿದ್ದಿದ್ದಾನೆ ಎಂದೇ ಅನಿಸುತ್ತಿತ್ತು. ತೋಟದಲ್ಲಿ ತಾನೆ, ನೆರಳಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

"ಕೇಳಿಲ್ಲಿ. ಬೇಕರಿಗೆ ಹೋಗ್ಬೇಡ ಅನ್ನಲ್ಲ. ಭಟ್ಟಿ ಹತ್ರ ಮಾತ್ರ ಬೇಡ. ಮುಂದ್ಗಡೆ ಗಲ್ಲಾದಲ್ಲಿ ಕೂತ್ಕೋ. ಫ್ಯಾನ್ ಇದೆ, ಕುರ್ಚಿ ಇದೆ. ಮಾಲೀಕರ ಹತ್ರ ನಾನೇ ಮಾತಾಡ್ತೀನಿ. ಕೂತಲ್ಲಿಂದ್ಲೇ ಆ ಹೊಸಬನಿಗೆ ಎಷ್ಟು ಬೇಕಾದ್ರೂ ಬೈತಾ ಇರು. ಆಯ್ತಾ?"

"ಒಪ್ಕೊಂಡ್ಬಿಡಿ ಮಾವ," ಎಂದ ಗಂಡ, ಬಾಗಿಲಲ್ಲಿ ನಿಂತು. "ನಂಗೂ ಅಂಥದ್ದೊಂದು ಕೆಲ್ಸ ಕೊಡ್ಸು ಅಂತ ಇವಳ್ನ ಎಷ್ಟು ದಿನದಿಂದ ಕೇಳ್ತಿದ್ದೀನಿ."

ಅಪ್ಪ ನಗಲಿಲ್ಲ. ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಗುಂಡಿ ಹಾಕಿಕೊಂಡ.

"ಗಲ್ಲಾದಲ್ಲಿ ಕೂರಲ್ಲ," ಎಂದ.